ಮೀಟರ್ ಬೋರ್ಡಿನ ನೀಲಿ ಬೆಳಕು

ಲಾರಿಯ ಹಿಂಬದಿಯಲ್ಲಿ ಏನು ಬರೆದಿದೆ ಎಂಬುದನ್ನು ರಸ್ತೆಯಲ್ಲಿ ಹೋಗುವವರೆಲ್ಲ ಓದುತ್ತಾರೆ. ಒಳಗೆ, ಸ್ಟೇರಿಂಗಿನ ಹಿಂದೆ, ರಾತ್ರಿಯಿಡೀ ಮಿಣುಕುವ ಮೀಟರ್ ಬೋರ್ಡನ್ನು ನೋಡುವವನು ಮಾತ್ರ ಡ್ರೈವರ್ ಒಬ್ಬನೇ. ಅವನೂ ಅದನ್ನು ದಿಟ್ಟಿಸುತ್ತ ಕೂರುವುದಿಲ್ಲ. ದೇವರ ಗೂಡಿನ ದೀಪದ ಹಾಗೆ, ಉರಿಯುತ್ತಿದೆ ಎಂಬುದು ಕಣ್ಣಂಚಿಗೆ ಗೊತ್ತಿದ್ದರೆ ಸಾಕು.

ಹಾಸನದ ಹೊರವಲಯದ ಒಂದು ಮನೆಯ ಮುಂದೆ ನಿಲ್ಲುತ್ತಿದ್ದ ಲಾರಿಯಲ್ಲಿ ಈ ದೀಪದ ಬಣ್ಣ 2017ರ ಮಳೆಗಾಲದಲ್ಲಿ ಬದಲಾಯಿತು. ಬದಲಾಯಿಸಿದವನು ಎರಡನೇ ಪಿಯುಸಿ ವಿಜ್ಞಾನ ಓದುತ್ತಿದ್ದ ಹುಡುಗ. ಲಾರಿ ಅವನ ಅಪ್ಪನದು. ಡ್ರೈವರುಗಳೆಲ್ಲ ‘ಫೋರ್ ನಾಟ್ ಸೆವೆನ್’ ಎಂದು ಕರೆಯುವ ಟಾಟಾ 407. ಈ ಮಾದರಿ ರಸ್ತೆಗಿಳಿದದ್ದು 1986ರಲ್ಲಿ. ಈ ಗಾಡಿ 1998ರದು. ಹುಡುಗನಿಗಿಂತ ಎರಡು ವರ್ಷ ಹಿರಿಯದು, ಮನೆಯಲ್ಲಿ ಅದಕ್ಕೆ ಹಿರಿಮಗನ ಸ್ಥಾನವೇ ಇತ್ತು. ವಾರಕ್ಕೆ ಮೂರು ರಾತ್ರಿ ತರಕಾರಿ ತುಂಬಿಕೊಂಡು ಸಕಲೇಶಪುರ, ಶಿರಾಡಿ ಘಾಟಿ ಇಳಿದು ಬೆಳಗಿನ ಜಾವದ ಹೊತ್ತಿಗೆ ಮಂಗಳೂರು ಮುಟ್ಟುವುದು ಅಪ್ಪನ ಕೆಲಸ. ಮಗನ ಕಾಲೇಜು ಫೀಸು, ಟ್ಯೂಷನ್ನು, ಅಕ್ಕನ ಮದುವೆಯ ಸಾಲದ ಕಂತು ಎಲ್ಲವೂ ಆ ಘಾಟಿ ಇಳಿದೇ ಮನೆಗೆ ಬರಬೇಕಾಗಿತ್ತು.

ಬಣ್ಣ ಬದಲಾಯಿಸುವ ಯೋಚನೆ ಹುಟ್ಟಿದ್ದು ಗೆಳೆಯನ ಒಂದು ಮಾತಿನಿಂದ. ಲಾರಿಯೊಳಗೆ ಕೂತು ಹರಟುತ್ತಿದ್ದಾಗ ಅವನು, ‘ಇದೇನೋ, ಮೀಟರ್ ಒಳಗೆ ಪಾಚಿ ಕಟ್ಟಿದಂಗದೆ’ ಎಂದು ನಕ್ಕಿದ್ದ. ಅವನ ಚಿಕ್ಕಪ್ಪನ ಹೊಸ ಕಾರಿನಲ್ಲಿ ಎಲ್ಲವೂ ಆಕಾಶನೀಲಿಯಲ್ಲಿ ಹೊಳೆಯುತ್ತಿತ್ತಂತೆ. ಮಾತು ಸಣ್ಣದು. ಆದರೆ ಹದಿನೇಳರ ವಯಸ್ಸಿನಲ್ಲಿ ಅಪ್ಪನ ಗಾಡಿಯನ್ನು ಯಾರಾದರೂ ನಕ್ಕರೆ ಅದು ಎಲ್ಲಿ ಹೋಗಿ ನಾಟುತ್ತದೆ ಎಂಬುದನ್ನು ಆ ವಯಸ್ಸು ದಾಟಿದವರಿಗೆ ಹೇಳಬೇಕಾಗಿಲ್ಲ. ಹುಡುಗ ತನ್ನ ಬಸ್ ಚಾರ್ಜಿನಲ್ಲಿ ಉಳಿಸಿದ ದುಡ್ಡಿನಿಂದ ನೀಲಿ ಎಲ್‌ಇಡಿ ಬಲ್ಬುಗಳ ಹತ್ತರ ಪ್ಯಾಕೆಟ್ ಒಂದನ್ನು ತಂದ. ಅಪ್ಪನಿಗೆ ಅದೊಂದು ಉಡುಗೊರೆ ಎಂದೇ ಅವನ ಲೆಕ್ಕ.

ಒಂದು ಭಾನುವಾರ ಅಪ್ಪ ಮಲಗಿದ್ದಾಗ ಕೆಲಸ ಶುರುವಾಯಿತು. ಬ್ಯಾಟರಿಯ ಒಂದು ವೈರು ಕಳಚಿ, ಮೀಟರ್ ಬೋರ್ಡಿನ ಸ್ಕ್ರೂ ಬಿಚ್ಚಿ, ಸ್ಪೀಡೋಮೀಟರಿನ ಕೇಬಲ್ ತಿರುಗಿಸಿ ತೆಗೆದು, ಇಡೀ ಬೋರ್ಡನ್ನು ಮುಂದಕ್ಕೆ ಎಳೆದ. ಹಿಂಬದಿಯಲ್ಲಿ ಬಲ್ಬಿನ ಹೋಲ್ಡರುಗಳು. ಒಂದನ್ನು ಕಿತ್ತು ನೀಲಿ ಬಲ್ಬು ಸಿಕ್ಕಿಸಿದ, ಹತ್ತಲಿಲ್ಲ. ಎಲ್‌ಇಡಿಯಲ್ಲಿ ಕರೆಂಟು ಒಂದೇ ದಿಕ್ಕಿಗೆ ಹರಿಯುತ್ತದೆ ಎಂಬುದು ಅವನ ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ, ಕೊನೆಯ ಪಾಠಗಳಲ್ಲಿ. ಬಲ್ಬನ್ನು ತಿರುಗಿಸಿ ಸಿಕ್ಕಿಸಿದಾಗ ಹತ್ತಿತು, ಆದರೆ ಮಂಕಾಗಿ. ಒಳಗೆ ಬೆರಳು ಹಾಕಿ ನೋಡಿದರೆ ಹಳೆಯ ಬಲ್ಬಿಗೆ ತೊಡಿಸಿದ್ದ ಹಸಿರು ರಬ್ಬರ್ ಟೋಪಿ ಅಲ್ಲೇ ಉಳಿದಿತ್ತು.

ಇಷ್ಟು ವರ್ಷ ಆ ಬೋರ್ಡು ಹಸಿರಾಗಿ ಕಂಡದ್ದರ ಗುಟ್ಟು ಇದು. ಹಳೆಯ ಗಾಡಿಯ ಬಲ್ಬಿಗೆ ತನ್ನದೇ ಬಣ್ಣವಿಲ್ಲ. ಅದರ ತಂತಿ ಕಾದು ಬೆಳ್ಳಗಿನ ಹಳದಿ ಬೆಳಕು ಕೊಡುತ್ತದೆ. ಅದರಲ್ಲಿ ಎಲ್ಲ ಬಣ್ಣಗಳೂ ಬೆರೆತಿರುತ್ತವೆ. ಮುಂದಿರುವ ಹಸಿರು ಟೋಪಿ ಹಸಿರನ್ನು ಬಿಟ್ಟು ಉಳಿದದ್ದನ್ನು ನುಂಗಿಕೊಳ್ಳುತ್ತದೆ. ಎಲ್‌ಇಡಿಯ ಸಂಗತಿ ಬೇರೆ. ಅದರ ಬಣ್ಣ ಒಳಗಿನ ಅರೆವಾಹಕದ ಗುಣ. ನೀಲಿ ಎಂದರೆ ಹೆಚ್ಚುಕಡಿಮೆ ನೀಲಿಯೊಂದೇ. ಅದರ ಮುಂದೆ ಹಸಿರು ಟೋಪಿ ಇಟ್ಟರೆ ನುಂಗುವುದೇ ಜಾಸ್ತಿ, ಬಿಡುವುದು ಕಡಿಮೆ. ಅಂದಹಾಗೆ, ಈ ನೀಲಿ ಎಲ್‌ಇಡಿ ಅಷ್ಟು ಸುಲಭಕ್ಕೆ ಸಿಕ್ಕಿದ್ದಲ್ಲ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ಪ್ರಖರವಾದ ನೀಲಿಗಾಗಿ ಮತ್ತೆ ಮೂವತ್ತು ವರ್ಷ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಬಹುಮಾನ ಸಿಕ್ಕಿತು. ಆ ನೊಬೆಲ್ ಬಂದ ಮೂರೇ ವರ್ಷಕ್ಕೆ ಅದೇ ನೀಲಿ ಹಾಸನದ ಆಟೋಮೊಬೈಲ್ ಅಂಗಡಿಯಲ್ಲಿ ಪ್ಯಾಕೆಟ್ಟಿನಲ್ಲಿ ತೂಗಾಡುತ್ತಿತ್ತು.

ಹುಡುಗ ಟೋಪಿಗಳನ್ನು ಕಿತ್ತು ಹಾಕಿದ. ಬೆಳಕು ಕೊಡುವ ನಾಲ್ಕು ಬಲ್ಬುಗಳೂ ನೀಲಿಯಾದವು. ಸಂಜೆ ಅಪ್ಪನನ್ನು ಕರೆದು, ‘ಅಪ್ಪಾ, ನೋಡು ಬಾ’ ಎಂದು ಸ್ವಿಚ್ ಹಾಕಿದ. ಬೋರ್ಡು ಭಗ್ಗೆಂದು ಹೊತ್ತಿಕೊಂಡಿತು. ಅಪ್ಪ ಒಂದು ಗಳಿಗೆ ಕಣ್ಣು ಕಿರಿದು ಮಾಡಿ ನೋಡಿ, ‘ಜೋರಾಗದೆ ಕಣೋ’ ಎಂದು ಮಗನ ಬೆನ್ನು ತಟ್ಟಿದರು. ಆ ‘ಜೋರು’ ಎಂಬ ಮಾತಿಗೆ ಎರಡು ಅರ್ಥವಿದ್ದದ್ದು ಹುಡುಗನಿಗೆ ತಿಳಿಯಲಿಲ್ಲ.

ಮುಂದಿನ ಎರಡು ವಾರ ಲಾರಿ ಹಾಗೇ ಓಡಿತು. ಎದುರಿನಿಂದ ಬರುವ ಗಾಡಿಗಳವರು ಮತ್ತೆ ಮತ್ತೆ ಹೆಡ್‌ಲೈಟ್ ಮಿನುಗಿಸಿ ಬೈದುಕೊಂಡು ಹೋಗುತ್ತಿದ್ದಾರೆ ಎಂದು ಅಪ್ಪ ಒಮ್ಮೆ ಊಟ ಮಾಡುತ್ತ ಹೇಳಿದರು. ಕಾರಣ ಬೋರ್ಡಿನಲ್ಲೇ ಇತ್ತು. ವಾಹನಗಳ ಸೂಚಕ ದೀಪಗಳಿಗೆ ಲೋಕದಾದ್ಯಂತ ಒಂದು ಬಣ್ಣದ ಭಾಷೆಯಿದೆ. ಕೆಂಪೆಂದರೆ ಅಪಾಯ, ಹಳದಿಯೆಂದರೆ ಎಚ್ಚರ, ಹಸಿರೆಂದರೆ ಯಾವುದೋ ದೀಪ ಚಾಲೂ ಇದೆ ಎಂದು. ನೀಲಿ ಮಾತ್ರ ಒಂದೇ ಕೆಲಸಕ್ಕೆ ಮೀಸಲು: ಹೆಡ್‌ಲೈಟ್ ಬ್ರೈಟಿನಲ್ಲಿದೆ, ಎದುರಿನವನ ಕಣ್ಣಿಗೆ ಹೊಡೆಯುತ್ತಿದೆ, ಡಿಮ್ ಮಾಡು ಎಂದು ಹೇಳುವುದಕ್ಕೆ. ಬೋರ್ಡೇ ನೀಲಿಯ ಸಂತೆಯಾದ ಮೇಲೆ ಆ ಒಂದು ನೀಲಿ ಚುಕ್ಕಿಯನ್ನು ಹುಡುಕುವವರು ಯಾರು?

ಇದೆಲ್ಲ ಗೊತ್ತಿಲ್ಲದ ಹುಡುಗ ಎರಡು ವಾರದ ನಂತರ ಇನ್ನೊಂದು ಕೆಲಸ ಮಾಡಿದ. ಪ್ಯಾಕೆಟ್ಟಿನಲ್ಲಿ ಆರು ಬಲ್ಬು ಉಳಿದಿದ್ದವಲ್ಲ. ಸುಮ್ಮನೆ ಯಾಕೆ ಬಿದ್ದಿರಬೇಕು ಎಂದು ಸೂಚಕ ದೀಪಗಳಿಗೂ ಅವನ್ನೇ ಹಾಕಿ ಮುಗಿಸಿದ. ಬ್ಯಾಟರಿಯ ಚಿತ್ರವಿರುವ ಕೆಂಪು ದೀಪಕ್ಕೂ.

ಬೆಳಕು ಕೊಡುವ ಬಲ್ಬಿನ ಹಸಿರು ಟೋಪಿ ನೀಲಿಯನ್ನು ನುಂಗಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆದರೂ, ನಾಲ್ಕು ಬೆರಳಿನಾಚೆ ಇದ್ದ ಕೆಂಪು ಪ್ಲಾಸ್ಟಿಕ್ಕು ನೀಲಿಯನ್ನು ಪೂರ್ತಿಯಾಗಿಯೇ ನುಂಗುತ್ತದೆ ಎಂದು ಹೊಳೆಯಲಿಲ್ಲ. ಪರೀಕ್ಷೆಯಲ್ಲಿ ಕೇಳಿದ್ದರೆ ಖಂಡಿತ ಬರೆಯುತ್ತಿದ್ದ. ಪುಸ್ತಕದಲ್ಲಿ ಕಲಿತದ್ದು ಕೈಗೆ ಇಳಿಯಲು ತೆಗೆದುಕೊಳ್ಳುವ ಹೊತ್ತು ಎಲ್ಲರಿಗೂ ಒಂದೇ ಅಲ್ಲ, ಅದಕ್ಕಾಗಿ ಯಾರನ್ನೂ ಬೈಯುವಂತಿಲ್ಲ.

ಅಂದು ರಾತ್ರಿ ಹತ್ತಕ್ಕೆ ಬೀನ್ಸು, ಎಲೆಕೋಸು ತುಂಬಿಕೊಂಡು ಅಪ್ಪ ಹೊರಟರು. ಕ್ಲೀನರ್ ಬಂದಿರಲಿಲ್ಲ. ಸಕಲೇಶಪುರದ ಹೊತ್ತಿಗೆ ಮಳೆ ಹಿಡಿಯಿತು. ಊರಾಚೆ ಟೀ ಕುಡಿದು ಮಳೆ ಸ್ವಲ್ಪ ತಗ್ಗಲಿ ಎಂದು ಇಂಜಿನ್ನು ಆರಿಸದೆ ಕಾದು, ಮತ್ತೆ ಹೊರಟು ದೋಣಿಗಲ್ ದಾಟಿ ಘಾಟಿಗೆ ಇಳಿಯುವಾಗ ವೈಪರ್ ಯಾಕೋ ಎಳೆದೆಳೆದು ಆಡುತ್ತಿದೆ ಎನಿಸಿತು. ಹಾರ್ನ್ ಒತ್ತಿದರೆ ಕೆಮ್ಮಿದ ಹಾಗೆ ಸದ್ದು. ನೋಡ ನೋಡುತ್ತ ಹೆಡ್‌ಲೈಟು ಹಳದಿಯಾಗಿ, ಕೆಂಪಾಗಿ, ಕಡೆಗೆ ಎಣ್ಣೆ ತೀರಿದ ಲಾಟೀನಿನ ಹಾಗಾಯಿತು. ಇಂಜಿನ್ನು ಮಾತ್ರ ಗುಂಡುಕಲ್ಲಿನಂತೆ ಓಡುತ್ತಿತ್ತು. ಹಳೆಯ ಡೀಸೆಲ್ ಇಂಜಿನ್ನಿಗೆ ಕಿಡಿ ಬೇಕಿಲ್ಲ, ಹಾಗಾಗಿ ಕರೆಂಟು ಹೋದರೂ ಅದು ನಿಲ್ಲುವುದಿಲ್ಲ. ಕಣ್ಣಿಲ್ಲದ ಕುದುರೆಯ ಹಾಗೆ ಮುಂದೆ ನುಗ್ಗುತ್ತಲೇ ಇರುತ್ತದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ, ಮಳೆ, ಮಂಜು, ಹಿಂದೆ ಮುಂದೆ ಟ್ಯಾಂಕರುಗಳು.

ಅಪ್ಪ ಮೂವತ್ತು ವರ್ಷದ ಡ್ರೈವರು. ಹಿಂದಿನಿಂದ ಬಂದ ಒಂದು ಬಸ್ಸಿನ ಬೆಳಕಿನಲ್ಲಿ ರಸ್ತೆಯ ಅಗಲ ನೋಡಿಕೊಂಡು, ಇಳಿಜಾರಿರುವ ಜಾಗ ಹಿಡಿದು ಪಕ್ಕಕ್ಕೆ ನಿಲ್ಲಿಸಿದರು. ಇಳಿಜಾರು ಯಾಕೆಂದರೆ ಬೆಳಿಗ್ಗೆ ಸೆಲ್ಫ್ ಹೊಡೆಯದಿದ್ದರೂ ಉರುಳಿಸಿ ಗೇರಿಗೆ ಹಾಕಿ ಸ್ಟಾರ್ಟ್ ಮಾಡಬಹುದು. ಚಕ್ರಕ್ಕೆ ಕಲ್ಲು ಕೊಟ್ಟು, ಸೊಪ್ಪಿನ ರೆಂಬೆಗಳನ್ನು ಮುರಿದು ತಂದು ಗಾಡಿಯ ಹಿಂದೆ ಉದ್ದಕ್ಕೂ ಹಾಕಿದರು. ಹಿಂದೀಪವಿಲ್ಲದೆ ನಿಂತ ಲಾರಿಗೆ ಘಾಟಿಯಲ್ಲಿ ಅದೇ ರಕ್ಷೆ. ಆಮೇಲೆ ಬೆಳಗಾಗುವವರೆಗೆ ಟವಲ್ ತಲೆಗೆ ಸುತ್ತಿಕೊಂಡು, ಕೈಯಲ್ಲಿ ಟಾರ್ಚು ಹಿಡಿದು, ಬರುವ ಪ್ರತಿಯೊಂದು ಗಾಡಿಗೂ ಬೀಸುತ್ತ ಮಳೆಯಲ್ಲಿ ನಿಂತರು. ಮಂಗಳೂರಿಗೆ ತಲುಪಿದಾಗ ಎಂಟು ಗಂಟೆ. ಸಗಟು ವ್ಯಾಪಾರ ಮುಗಿದಿತ್ತು. ಬೀನ್ಸು ಸಿಕ್ಕ ಬೆಲೆಗೆ ಹೋಯಿತು.

ಮನೆಗೆ ಬಂದು ಅಪ್ಪ ಹೇಳಿದ್ದು ಇಷ್ಟೇ: ‘ಬ್ಯಾಟರಿ ಮುಗೀತು ಅಂತ ಕಾಣ್ತದೆ.’ ಹೊಸ ಬ್ಯಾಟರಿಗೆಂದು ಸಾಲ ಕೇಳಲು ಹೊರಟವರನ್ನು ತಡೆದದ್ದು ಬ್ಯಾಟರಿ ಅಂಗಡಿಯ ಸಾಬರು. ಮೊದಲು ಗಾಡಿ ತನ್ನಿ, ಆಮೇಲೆ ದುಡ್ಡಿನ ಮಾತು ಎಂದರು. ಹುಡುಗನೂ ಜೊತೆಗೆ ಹೋದ. ಸಾಬರು ಬ್ಯಾಟರಿ ನೋಡಿದರು, ಡೈನಮೋ ನೋಡಿದರು. ಎರಡೂ ಸರಿಯಿದ್ದವು. ಆದರೂ ಇಂಜಿನ್ ಓಡುವಾಗ ಚಾರ್ಜು ಬರುತ್ತಿರಲಿಲ್ಲ. ಅವರು ಮೀಟರ್ ಬೋರ್ಡಿನತ್ತ ತಿರುಗಿ, ಕೀಲಿ ಹಾಕಿದಾಗ ಹತ್ತಬೇಕಾದ ಕೆಂಪು ದೀಪ ಹತ್ತದೇ ಇದ್ದದ್ದನ್ನು ಕಂಡು, ಬೋರ್ಡು ಬಿಚ್ಚಿ, ಆ ನೀಲಿ ಬಲ್ಬನ್ನು ಎರಡು ಬೆರಳಲ್ಲಿ ಹಿಡಿದು ಮೇಲೆತ್ತಿದರು.

‘ಇದನ್ನು ಯಾರು ಹಾಕಿದ್ದು?’

ಹುಡುಗ ಮಾತಾಡಲಿಲ್ಲ. ಅಪ್ಪ, ‘ನಾನೇ ಹಾಕಿಸ್ದೆ ಸಾಬ್ರೆ’ ಎಂದರು.

ಸಾಬರು ಇಬ್ಬರನ್ನೂ ನೋಡಿ ವಿಷಯ ಅರ್ಥ ಮಾಡಿಕೊಂಡವರಂತೆ ಹುಡುಗನಿಗೇ ಹೇಳಿದರು: ‘ಮಗಾ, ಈ ಬಲ್ಬು ಬರೀ ತೋರಿಸೋದಕ್ಕೆ ಇರೋದಲ್ಲ. ಡೈನಮೋಗೆ ಮೊದಲ ಗುಟುಕು ಕರೆಂಟು ಇದರೊಳಗಿಂದಲೇ ಹೋಗಬೇಕು. ನೀನು ಅದರ ಗಂಟಲು ಕಟ್ಟಿದ್ದೀಯ.’

ಮಾತು ಅಕ್ಷರಶಃ ನಿಜ. ಮೆಕ್ಯಾನಿಕ್ಕುಗಳು ಹಳೆಯ ಅಭ್ಯಾಸದಿಂದ ಡೈನಮೋ ಎನ್ನುವ ಆಲ್ಟರ್ನೇಟರಿನೊಳಗೆ ತಿರುಗುವುದು ಒಂದು ವಿದ್ಯುತ್ಕಾಂತ. ಅದು ಅಯಸ್ಕಾಂತವಾಗಬೇಕಾದರೆ ಅದಕ್ಕೆ ಮೊದಲು ಹೊರಗಿನಿಂದ ಸ್ವಲ್ಪ ಕರೆಂಟು ಕೊಡಬೇಕು. ತೋಟದ ಪಂಪಿಗೆ ಸ್ವಿಚ್ ಹಾಕುವ ಮೊದಲು ಒಂದು ಕೊಡ ನೀರು ಹೊಯ್ಯುತ್ತಾರಲ್ಲ, ಹಾಗೆ. ಇಂಥ ಅನೇಕ ಹಳೆಯ ಗಾಡಿಗಳಲ್ಲಿ ಆ ಕೊಡ ನೀರು ಬರುವ ದಾರಿ ಚಾರ್ಜಿನ ಸೂಚಕ ಬಲ್ಬು. 12 ವೋಲ್ಟಿನ 3 ವ್ಯಾಟ್ ಬಲ್ಬಿನಲ್ಲಿ ಕಾಲು ಆಂಪಿಯರ್, ಅಂದರೆ 250 ಮಿಲಿಆಂಪಿಯರ್ ಹರಿಯುತ್ತದೆ. ಸಣ್ಣ ಎಲ್‌ಇಡಿಯಲ್ಲಿ ಹರಿಯುವುದು 20ರ ಆಸುಪಾಸು. ಕೊಡದ ಬದಲು ಒಂದು ಲೋಟ. ಒಮ್ಮೆ ಚಾರ್ಜು ಶುರುವಾದರೆ ಬಲ್ಬಿನ ಎರಡೂ ತುದಿಯ ವೋಲ್ಟೇಜ್ ಒಂದೇ ಆಗಿ ಅದು ಆರುತ್ತದೆ. ಆರಿತೆಂದರೆ ಎಲ್ಲ ಸುಖವಾಗಿದೆ ಎಂದು ಡ್ರೈವರಿಗೆ ಗೊತ್ತಾಗುತ್ತದೆ. ಅಂದು ಚಾರ್ಜು ಬಾರದೆ ಆ ನೀಲಿ ಎಲ್‌ಇಡಿ ರಾತ್ರಿಯಿಡೀ ಉರಿದು ಕೂಗಿಕೊಂಡೇ ಇತ್ತು. ಕೆಂಪು ಪ್ಲಾಸ್ಟಿಕ್ಕು ಅದರ ಕೂಗನ್ನು ನುಂಗಿ ಕೂತಿತ್ತು. ಇತ್ತ ಹೆಡ್‌ಲೈಟು, ಹಿಂದೀಪ, ವೈಪರ್ ಎಲ್ಲ ಸೇರಿ 15 ಆಂಪಿಯರ್ ಎಂದಿಟ್ಟುಕೊಂಡರೂ, 75 ಆಂಪಿಯರ್-ಗಂಟೆಯ ಹೊಸ ಬ್ಯಾಟರಿಯಾದರೆ ಐದು ಗಂಟೆ ತಾಳೀತು. ಹಳೆಯದು ಅದರ ಅರ್ಧ ತಾಳಿದ್ದೇ ದೊಡ್ಡದು.

ಸಾಬರು ಡಬ್ಬಿಯಿಂದ ಒಂದು ಮಾಮೂಲಿ ಬಲ್ಬು ತೆಗೆದು ಹಾಕಿದರು. ಕೀಲಿ ತಿರುಗಿಸಿದಾಗ ಕೆಂಪಗೆ ಹತ್ತಿತು, ಇಂಜಿನ್ ಎದ್ದ ಕೂಡಲೇ ಆರಿತು. ಬಲ್ಬಿನ ದುಡ್ಡು ಬೇಡವೆಂದರು.

ಹುಡುಗನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮನೆಗೆ ಬಂದ ಮೇಲೆ, ಅಮ್ಮನಿಂದ. ತಪ್ಪೊಪ್ಪಿಕೊಳ್ಳಲು ಹೋಗಿ, ಒಂದೇ ಬಲ್ಬು ತಪ್ಪಿದ್ದು, ಉಳಿದ ನೀಲಿ ಬೆಳಕಾದರೂ ಅಪ್ಪನಿಗೆ ಇಷ್ಟವಾಗಿದೆಯಲ್ಲ ಎಂದಾಗ ಅಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಹೇಳಿದರು: ‘ನಿಮ್ಮಪ್ಪ ರಾತ್ರಿ ಹೊತ್ತು ಅದರ ಮೇಲೆ ಟವಲ್ ಹಾಕ್ಕೊಂಡು ಓಡ್ಸೋದು ಕಣೋ. ಕಣ್ಣಿಗೆ ಚುಚ್ಚುತ್ತಂತೆ. ಹುಡುಗ ಆಸೆಪಟ್ಟು ಮಾಡವ್ನೆ, ಹೇಳಬೇಡ ಅಂದಿದ್ರು.’

ಎರಡು ವಾರ ಅಪ್ಪ ಸ್ಪೀಡು, ಆಯಿಲ್ಲು, ಇಂಜಿನ್ನಿನ ಬಿಸಿ ಯಾವುದೂ ಕಾಣದೆ ಅಂದಾಜಿನ ಮೇಲೆ ಘಾಟಿ ಇಳಿದಿದ್ದರು. ಕೆಂಪು ದೀಪ ಸರಿಯಿದ್ದು ಹತ್ತಿಕೊಂಡಿದ್ದರೂ ಅಂದು ಟವಲಿನ ಅಡಿಯಲ್ಲಿ ಕಾಣುತ್ತಿರಲಿಲ್ಲ.

ಆ ರಾತ್ರಿ ಹುಡುಗ ಒಬ್ಬನೇ ಹೋಗಿ ಲಾರಿಯಲ್ಲಿ ಕೂತ. ಬೀದಿಯಲ್ಲಿ ಕರೆಂಟು ಹೋಗಿತ್ತು. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಸುಮ್ಮನೆ ಕಾದ. ಮೊದಲು ಬೇಲಿ ಕಂಡಿತು, ಆಮೇಲೆ ಬೇಲಿಯಾಚೆಯ ತೆಂಗಿನ ಮರ, ಅರ್ಧ ಗಂಟೆಯ ಹೊತ್ತಿಗೆ ಮರದ ಗರಿಗಳೂ. ಆಗ ಮೀಟರ್ ಲೈಟಿನ ಸ್ವಿಚ್ ಹಾಕಿದ. ಮುಂದಿನ ಗಾಜಿನಲ್ಲಿ ನೀಲಿ ಅಂಕಿಗಳ ಪ್ರತಿಬಿಂಬ ಎದ್ದು ನಿಂತಿತು. ತಲೆಯೆತ್ತಿ ನೋಡಿದರೆ ತೆಂಗಿನ ಮರ ಇಲ್ಲ, ಬೇಲಿಯೂ ಇಲ್ಲ.

ಮಬ್ಬಿನಲ್ಲಿ ನೋಡಲು ಕಣ್ಣಿನೊಳಗೆ ಬೇರೆಯೇ ಒಂದು ಜಾತಿಯ ಜೀವಕೋಶಗಳಿವೆ. ಉದ್ದನೆಯ ಕಡ್ಡಿಯಂತಿರುವ ಈ ದಂಡಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ, ಆದರೆ ಬೆಳಕಿನ ಕಣ ಕಂಡರೂ ಹಿಡಿದುಕೊಳ್ಳುತ್ತವೆ. ಪೂರ್ತಿ ಎಚ್ಚೆತ್ತುಕೊಳ್ಳಲು ಅವಕ್ಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಎಚ್ಚೆತ್ತ ಮೇಲೆ ಅವು ಅತಿ ಹೆಚ್ಚು ಸ್ಪಂದಿಸುವುದು ಸುಮಾರು 500 ನ್ಯಾನೋಮೀಟರ್ ತರಂಗಾಂತರದ ನೀಲಿ-ಹಸಿರಿಗೆ. ಕಡು ಕೆಂಪಿಗೆ ಅವು ಹೆಚ್ಚುಕಡಿಮೆ ಕುರುಡು. ಹತ್ತೊಂಬತ್ತನೆಯ ಶತಮಾನದ ಚೆಕ್ ವಿಜ್ಞಾನಿ ಪುರ್ಕಿಂಜೆ ಇದನ್ನು ಮೊದಲು ಗುರುತಿಸಿದ್ದು ಹೂವುಗಳನ್ನು ನೋಡುತ್ತ. ಯಾರು ಬೇಕಾದರೂ ಮನೆಯಂಗಳದಲ್ಲಿ ನೋಡಬಹುದು: ಹಗಲಿನಲ್ಲಿ ಎಲೆಗಿಂತ ಎದ್ದು ಕಾಣುವ ಕೆಂಪು ದಾಸವಾಳ ಮುಸ್ಸಂಜೆಯಲ್ಲಿ ಕಪ್ಪಾಗಿಬಿಡುತ್ತದೆ, ಎಲೆ ಮಾತ್ರ ಇನ್ನೂ ತಿಳಿಯಾಗಿ ಕಾಣುತ್ತಿರುತ್ತದೆ. ಎರಡನೆಯ ಮಹಾಯುದ್ಧದ ಕಾಲದ ಜಲಾಂತರ್ಗಾಮಿಗಳಲ್ಲಿ, ವಿಮಾನಗಳಲ್ಲಿ ಕೆಂಪು ದೀಪ ಇಟ್ಟದ್ದು ಈ ಲೆಕ್ಕದ ಮೇಲೆಯೇ. ಹಾಗೆಂದು ಕೆಂಪೇ ಶ್ರೇಷ್ಠವೆಂದೂ ಅಲ್ಲ. ಚಾಳೀಸು ಬಂದ ಕಣ್ಣಿಗೆ ಕೆಂಪು ಅಂಕಿಯನ್ನು ಹತ್ತಿರದಿಂದ ಓದುವುದು ತ್ರಾಸ. ನೀಲಿಯದು ಇನ್ನೊಂದು ರಗಳೆ. ಅದು ಕಣ್ಣಿನ ಪರದೆಯ ಮೇಲೆ ಬೀಳದೆ ಸ್ವಲ್ಪ ಮುಂದೆಯೇ ಕೂಡಿಕೊಳ್ಳುವುದರಿಂದ ಅಂಚುಗಳು ಮಸುಕಾಗುತ್ತವೆ. ವಯಸ್ಸಾದಂತೆ ಕಣ್ಣಿನ ಮಸೂರವೂ ಮಂಜಾಗಿ ಬೆಳಕನ್ನು ಒಳಗೇ ಚದುರಿಸುತ್ತದೆ. ಹದಿನೇಳರ ಕಣ್ಣಿಗೆ ಹೊಳಪಾಗಿ ಕಂಡದ್ದು ಐವತ್ತೆರಡರ ಕಣ್ಣಿಗೆ ಮುಳ್ಳಾದದ್ದು ಹೀಗೆ. ಬಣ್ಣ ಯಾವುದೇ ಇರಲಿ, ಬೆಳಕು ಮಂದವಾಗಿರಬೇಕು ಎಂಬುದು ಎಲ್ಲಕ್ಕಿಂತ ಮೊದಲಿನ ಮಾತು. ಆ ‘ಪಾಚಿ ಕಟ್ಟಿದ’ ಹಸಿರು ಮಂದವಾಗಿತ್ತು.

ಮರುದಿನ ಬೆಳಿಗ್ಗೆ ಹುಡುಗ ಹಳೆಯ ಬಲ್ಬುಗಳ ಪೊಟ್ಟಣ ಹುಡುಕಿದ. ಬಲ್ಬುಗಳು ಸಿಕ್ಕವು. ಹಸಿರು ಟೋಪಿಗಳಲ್ಲಿ ಮೂರು ಸಿಕ್ಕವು, ನಾಲ್ಕನೆಯದು ಕೀಳುವಾಗಲೇ ಹರಿದುಹೋಗಿತ್ತು. ಇದ್ದಷ್ಟನ್ನು ತೊಡಿಸಿ, ಎಲ್ಲವನ್ನೂ ಮೊದಲಿನಂತೆ ಜೋಡಿಸಿದ. ಡೀಸೆಲ್ ಗೇಜಿನ ಕಡೆ ಮಾತ್ರ ಹಳದಿ ಬೆಳಕು ಉಳಿಯಿತು.

ರಾತ್ರಿ ಹೊರಡುವ ಮುಂಚೆ ಅಪ್ಪ ಸೀಟಿಗೆ ಹತ್ತಿ ಸ್ವಿಚ್ ಹಾಕಿ ಒಂದು ಕ್ಷಣ ಸುಮ್ಮನೆ ಕೂತರು.

‘ಹಳೇದೇ ಹಾಕ್ಬಿಟ್ಯಾ? ಚೆನ್ನಾಗಿತ್ತಲ್ಲೋ ನೀಲಿ.’

ಹುಡುಗ ಕೆಳಗೆ ನಿಂತಿದ್ದ. ‘ಟವಲ್ ಎಲ್ಲಪ್ಪ?’ ಎಂದ.

ಅಪ್ಪ ಅವನತ್ತ ನೋಡಿದರು. ಸೀಟಿನ ಸಂದಿಗೆ ಕೈ ಹಾಕಿ, ಮಡಚಿಟ್ಟಿದ್ದ ಟವಲ್ ಎಳೆದು, ಕೊಡವಿ, ಹೆಗಲಿಗೆ ಹಾಕಿಕೊಂಡು ಸೆಲ್ಫ್ ಹೊಡೆದರು. ಬ್ಯಾಟರಿಯ ಕೆಂಪು ದೀಪ ಆರಿತು.